ಅಂತರಜಾಲವನ್ನು ನಂಬಿದ ಗಣಕಯಂತ್ರ

ಗಣಕಯಂತ್ರದ ಗುಂಡಿಯನ್ನು ಒತ್ತಿದೊಡನೆ ಪರದೆ ಬೆಳಗುತ್ತದೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ಪರದೆಗೆ ಮುಟ್ಟಿಸುವುದು, ಬರೆದುದನ್ನು ಕಾಪಾಡಿಡುವುದು, ಮುದ್ರಣಯಂತ್ರಕ್ಕೆ ಅಪ್ಪಣೆ ಕೊಡುವುದು ಮೊದಲಾದ ಕೆಲಸಗಳನ್ನೆಲ್ಲ ಒಳಗಿದ್ದುಕೊಂಡು ನಡೆಸುವ ಪಾರುಪತ್ಯಗಾರನಿಗೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ರೂಢಿಯ ಮಾತಿನಲ್ಲಿ ಅದನ್ನು ಆಪರೇಟಿಂಗ್ ಸಿಸ್ಟಂ ಎನ್ನುತ್ತೇವೆ. ವಿಂಡೋಸ್, ಲಿನಕ್ಸ್ ಮೊದಲಾದವು ಈ ಜಾತಿಗೆ ಸೇರಿದವು. ಬಹುಕಾಲ ಈ ಪಾರುಪತ್ಯಗಾರನೂ ಅವನ ಉಗ್ರಾಣವೂ ಯಂತ್ರದೊಳಗೇ ಇದ್ದುವು. 2009ರಲ್ಲಿ ಗೂಗಲ್ ಸಂಸ್ಥೆಯು ಕ್ರೋಮ್ ಓಎಸ್ ಎಂಬ ಬೇರೊಂದು ಬಗೆಯ ವ್ಯವಸ್ಥೆಯನ್ನು ಘೋಷಿಸಿತು; 2011ರ ಜೂನ್ ತಿಂಗಳಲ್ಲಿ ಅದನ್ನು ಅಳವಡಿಸಿಕೊಂಡ ಕ್ರೋಮ್‌ಬುಕ್ ಯಂತ್ರಗಳು ಮಾರಾಟಕ್ಕೆ ಬಂದುವು. ಇವುಗಳಲ್ಲಿ ಪಾರುಪತ್ಯಗಾರ ಮಾತ್ರ ಮನೆಯಲ್ಲಿದ್ದ. ಉಗ್ರಾಣವು ದೂರದೂರಿನ ದೊಡ್ಡ ಗಣಕಗಳಿಗೆ ಹೋಯಿತು. ನಡುವಿನ ದಾರಿಯೇ ಅಂತರಜಾಲ. 2025ರಲ್ಲಿ ನಮ್ಮ ದೇಶದ ಜಿಯೋ ಸಂಸ್ಥೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯ ದೂರದರ್ಶನಕ್ಕೆ ಜೋಡಿಸಿದ ಪೆಟ್ಟಿಗೆಯ ಮೂಲಕ ಇಡೀ ಗಣಕವನ್ನೇ ಜಾಲದಿಂದ ಒದಗಿಸುವ ಏರ್ಪಾಡನ್ನು ತಂದಿತು. ಅಲ್ಲಿ ಪಾರುಪತ್ಯಗಾರನೂ ಮನೆಯಲ್ಲಿಲ್ಲ.

ಇಂತಹ ಯಂತ್ರವು ಹಾಸನದ ಒಬ್ಬ ಗುಮಾಸ್ತನಿಗೆ, ಹೊಳೆನರಸೀಪುರದ ಒಬ್ಬ ಅಂಗಡಿಕಾರನಿಗೆ, ಅರಕಲಗೂಡಿನ ಒಬ್ಬ ವಿದ್ಯಾರ್ಥಿನಿಗೆ, ಚನ್ನರಾಯಪಟ್ಟಣದ ಒಬ್ಬ ರೈತನಿಗೆ ಎಷ್ಟರಮಟ್ಟಿಗೆ ಉಪಯುಕ್ತ ಎಂಬುದು ಈ ಪಾಠದ ವಿಚಾರ. ಇದು ಯಂತ್ರಶಾಸ್ತ್ರದ ಪ್ರಶ್ನೆಯೆಂದು ತೋರಬಹುದು. ಆದರೆ ಇದರ ಬುಡದಲ್ಲಿ ಇರುವುದು ಬಹಳ ಹಳೆಯ ಪ್ರಶ್ನೆ: ನಮ್ಮ ಬರಹ ಎಲ್ಲಿ ಇರಬೇಕು, ಅದನ್ನು ತೆರೆಯುವ ಕೀಲಿ ಯಾರ ಕೈಯಲ್ಲಿ ಇರಬೇಕು?

ಈ ಪ್ರಶ್ನೆಯನ್ನು ನಮ್ಮ ನಾಡು ಪಹಣಿಯ ವಿಷಯದಲ್ಲಿ ಆಗಲೇ ಒಮ್ಮೆ ಎದುರಿಸಿದೆ. ಹಿಂದೆ ಗ್ರಾಮದ ಜಮೀನಿನ ಲೆಕ್ಕವನ್ನು ಬರೆದಿಡುತ್ತಿದ್ದವರು ಶಾನುಭೋಗರು. ಲೆಕ್ಕದ ಪುಸ್ತಕಗಳು ಅವರ ಮನೆಯಲ್ಲಿಯೇ ಇರುತ್ತಿದ್ದುದುಂಟು. ರೈತನಿಗೆ ನಕಲು ಬೇಕಾದರೆ ನಾಲ್ಕು ಹೆಜ್ಜೆ ನಡೆದರೆ ಸಾಕಾಗಿತ್ತು. ಆದರೆ ಪುಸ್ತಕ ತೆರೆಯುವುದೂ ಬಿಡುವುದೂ ಬರೆದವರ ಮರ್ಜಿಗೆ ಸೇರಿದ್ದಾಗಿತ್ತು. 1961ರ ಕಾಯಿದೆಯು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ ಮೇಲೆ ಸರ್ಕಾರಿ ಗ್ರಾಮಲೆಕ್ಕಿಗರು ಬಂದರು. ಪುಸ್ತಕ ಮಾತ್ರ ಕೈಬರಹದ್ದಾಗಿಯೇ ಉಳಿಯಿತು. ಇಪ್ಪತ್ತನೆಯ ಶತಮಾನ ಮುಗಿಯುತ್ತಿದ್ದ ಹೊತ್ತಿಗೆ ಕರ್ನಾಟಕ ಸರ್ಕಾರವು ‘ಭೂಮಿ’ ಎಂಬ ಯೋಜನೆಯನ್ನು ಕೈಗೆತ್ತಿಕೊಂಡು, ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಆಗ ಇದ್ದ 177 ತಾಲ್ಲೂಕು ಕೇಂದ್ರಗಳಲ್ಲಿ ಪಹಣಿ ಕೊಡುವ ಕಿಟಕಿಗಳು ತೆರೆದುವು. 15 ರೂಪಾಯಿ ಕೊಟ್ಟವನಿಗೆ ಯಾರ ಮುಲಾಜೂ ಇಲ್ಲದೆ ಅಚ್ಚಾದ ಪಹಣಿ ಸಿಕ್ಕಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೊದಮೊದಲು ಪ್ರತಿಯೊಂದು ತಾಲ್ಲೂಕಿನ ಪಹಣಿಗಳೂ ಆಯಾ ತಾಲ್ಲೂಕು ಕಚೇರಿಯ ಗಣಕದಲ್ಲಿಯೇ ಇದ್ದುವು. ಅರಕಲಗೂಡಿನ ಪಹಣಿಯನ್ನು ಅರಕಲಗೂಡಿನ ಯಂತ್ರವೇ ಕೊಡುತ್ತಿತ್ತು. ಬೆಂಗಳೂರಿನೊಡನೆ ತಂತಿ ಸೇರಿತ್ತೋ ಇಲ್ಲವೋ ಎಂದು ಅದು ಕೇಳುತ್ತಿರಲಿಲ್ಲ. ಮುಂದೆ ಈ ದಾಖಲೆಗಳನ್ನೆಲ್ಲ ರಾಜ್ಯದ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿಸಲಾಯಿತು. ಇದರಿಂದ ಆದ ಲಾಭ ಸಣ್ಣದಲ್ಲ. ಮನೆಯಲ್ಲಿ ಕುಳಿತೇ ಪಹಣಿಯನ್ನು ನೋಡಬಹುದು. ನೋಂದಣಿ ಕಚೇರಿಯಲ್ಲಿ ನಡೆದ ಕ್ರಯದ ಸುದ್ದಿ ಕಂದಾಯ ಕಚೇರಿಗೆ ತಾನಾಗಿಯೇ ಮುಟ್ಟುತ್ತದೆ. ತಾಲ್ಲೂಕು ಕಚೇರಿಯ ಯಂತ್ರ ಕೆಟ್ಟರೆ ದಾಖಲೆ ಕೆಡುವುದಿಲ್ಲ. ಆದರೆ ಇದರೊಡನೆಯೇ ‘ಸರ್ವರ್ ಇಲ್ಲ’ ಎಂಬ ಹೊಸ ವಾಕ್ಯವೊಂದು ನಮ್ಮ ಹಳ್ಳಿಗಳ ಮಾತಿಗೆ ಸೇರಿಕೊಂಡಿತು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಇಂದು ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ಮರಳಿ ಈ ಮಾತನ್ನು ಹೇಳಬಲ್ಲಳು. ಭಾಷೆಗೆ ಹೊಸ ಪದಗಳು ಬರುವ ಬಗೆಯೇ ವಿಚಿತ್ರ!

ಪಹಣಿಗೆ ಆದುದೇ ಈಗ ನಿಮ್ಮ ಪ್ರಬಂಧಕ್ಕೂ ಅಂಗಡಿಯ ಲೆಕ್ಕಕ್ಕೂ ಆಗುತ್ತಿದೆ. ಅದು ಮನೆಯ ಯಂತ್ರದಿಂದ ದೂರದ ಗಣಕಕ್ಕೆ ಹೋಗುತ್ತಿದೆ. ಹೀಗೆ ಹೋಗುವುದನ್ನು ಕೆಟ್ಟದ್ದೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರನ್ನು ನಾನು ಒಪ್ಪಲಾರೆ. ಜಾಲವನ್ನು ನಂಬಿದ ಯಂತ್ರಕ್ಕೆ ದೊಡ್ಡ ಉಗ್ರಾಣವಾಗಲಿ ಬಲವಾದ ಸಂಸ್ಕಾರಕವಾಗಲಿ ಬೇಕಿಲ್ಲ. ಆದುದರಿಂದ ಅದರ ಬೆಲೆಯನ್ನು ಕಡಮೆ ಮಾಡಬಹುದು. ಅದು ಬೇಗ ಎಚ್ಚರಗೊಳ್ಳುತ್ತದೆ, ವೈರಸ್ಸುಗಳ ಕಾಟವೂ ಅದಕ್ಕೆ ಕಡಮೆ. ಯಂತ್ರವು ಮಳೆಯಲ್ಲಿ ನೆನೆದು ಹಾಳಾದರೂ ಬರಹ ಉಳಿದಿರುತ್ತದೆ. 2022ರಲ್ಲಿ ಬಂದ ಕ್ರೋಮ್ ಓಎಸ್ ಫ್ಲೆಕ್ಸ್ ಎಂಬುದನ್ನು ಹಳೆಯ ಗಣಕಗಳಿಗೂ ಹಾಕಬಹುದು. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ರಕ್ಷಣಾ ನೆರವು 2025ರ ಅಕ್ಟೋಬರ್ 14ರಂದು ಮುಗಿದುದರಿಂದ ಎಷ್ಟೋ ಗಣಕಗಳು ಮೂಲೆ ಸೇರುವ ಸ್ಥಿತಿಗೆ ಬಂದಿವೆ. ಅಂತಹವುಗಳಲ್ಲಿ ಕೆಲವಕ್ಕೆ ಇದರಿಂದ ಪುನರ್ಜನ್ಮ ದೊರೆತೀತು.

ಇಷ್ಟೆಲ್ಲ ಗುಣಗಳಿರುವ ಯಂತ್ರವು ನಮ್ಮ ಕಡೆ ಎಡವುವುದೆಲ್ಲಿ? ಮೊದಲನೆಯದಾಗಿ ವಿದ್ಯುತ್ತಿನಲ್ಲಿ. ಮಡಿಲಗಣಕಕ್ಕೆ ತನ್ನದೇ ಬ್ಯಾಟರಿ ಇರುತ್ತದೆ. ದೀಪ ಆರಿದರೂ ಅದು ಹಲವು ಗಂಟೆ ನಡೆಯಬಲ್ಲುದು. ಆದರೆ ಗೋಡೆಯ ಮೇಲಿರುವ ಜಾಲದ ಪೆಟ್ಟಿಗೆ ದೀಪದೊಡನೆಯೇ ಆರುತ್ತದೆ. ಯಂತ್ರ ಬದುಕಿದೆ, ದಾರಿ ಸತ್ತಿದೆ. ಮುಂಗಾರಿನ ಗಾಳಿಗೆ ಕಂಬ ಬಿದ್ದು ಒಂದಿಡೀ ದಿನ ವಿದ್ಯುತ್ತು ಇಲ್ಲದಿದ್ದರೆ ಮೊಬೈಲ್ ಗೋಪುರದ ಬ್ಯಾಟರಿಯೂ ಬರಿದಾಗಬಹುದು. ಕೊಡಗಿನ ಗಡಿಗೆ ತಾಗಿದ ಅರಕಲಗೂಡು ಸೀಮೆಯ ಮಳೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸನದಲ್ಲಿ 1982ರಲ್ಲಿ ಸ್ಥಾಪಿತವಾದ ಇಸ್ರೋ ಕೇಂದ್ರವು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳಿಗೆ ಅಪ್ಪಣೆ ಕೊಡುತ್ತದೆ. ಅದೇ ಜಿಲ್ಲೆಯ ಹಳ್ಳಿಯ ಹುಡುಗನು ಸಿಗ್ನಲ್ ಹುಡುಕುತ್ತ ದಿಣ್ಣೆ ಹತ್ತುವುದೂ ಉಂಟು. 2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ನಮ್ಮ ಸರ್ಕಾರವು ‘ವಿದ್ಯಾಗಮ’ ಎಂಬ ಕ್ರಮದಲ್ಲಿ ಉಪಾಧ್ಯಾಯರನ್ನೇ ಮಕ್ಕಳ ಊರುಗಳಿಗೆ ಕಳುಹಿಸಬೇಕಾಯಿತು. ಜಾಲ ಎಲ್ಲರ ಮನೆಗೂ ಮುಟ್ಟಿರಲಿಲ್ಲವೆಂಬುದೇ ಅದಕ್ಕೆ ಮುಖ್ಯ ಕಾರಣ.

ಎರಡನೆಯ ತೊಡಕು ಕೀಲಿಯದು. ದೂರದ ಉಗ್ರಾಣವನ್ನು ತೆರೆಯಲು ಖಾತೆ ಬೇಕು, ಗುಪ್ತಪದ ಬೇಕು. ಗುಪ್ತಪದ ಮರೆತರೆ ಅಥವಾ ಹೊಸ ಯಂತ್ರದಿಂದ ಪ್ರವೇಶಿಸಿದರೆ ಮೊಬೈಲಿಗೆ ಒಂದು ಸಂಖ್ಯೆ ಬರುವುದುಂಟು. ಆ ಮೊಬೈಲ್ ತಂದೆಯದು. ತಂದೆ ದುಡಿಮೆಗೆಂದು ಬೆಂಗಳೂರಿನಲ್ಲಿದ್ದಾನೆ. ಮಗಳು ಬರೆದ ಪ್ರಬಂಧ ಎಲ್ಲಿಯೂ ಕಳೆದುಹೋಗಿಲ್ಲ. ಆದರೂ ರಾತ್ರಿ ಎಂಟು ಗಂಟೆಗೆ ಅದು ಅವಳ ಕೈಗೆ ಸಿಕ್ಕುವುದಿಲ್ಲ. ಕ್ರೋಮ್‌ಬುಕ್ ಒಂದನ್ನೇ ದೂರಿ ಪ್ರಯೋಜನವಿಲ್ಲ. 2021ರಲ್ಲಿ ಬಂದ ವಿಂಡೋಸ್ 11ರ ಮನೆಬಳಕೆಯ ಆವೃತ್ತಿಯೂ ಮೊದಲ ದಿನ ಸಿದ್ಧಗೊಳ್ಳಲು ಅಂತರಜಾಲವನ್ನೂ ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ.

ಇನ್ನು ಬರಹದ ತೂಕವನ್ನು ನೋಡೋಣ. ಯೂನಿಕೋಡ್ ಪದ್ಧತಿಯ ರೂಢಿಯ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್‌ಗಳ ಜಾಗ ಬೇಕು. 12,000 ಸಂಕೇತಗಳ ಒಂದು ದೊಡ್ಡ ಪ್ರಬಂಧವೆಂದರೆ 36,000 ಬೈಟ್. ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಛಾಯಾಚಿತ್ರವು 30 ಲಕ್ಷ ಬೈಟ್ ತೂಗುವುದು ಅಪರೂಪವಲ್ಲ. ಅಂದರೆ ಅಂತಹ ಎಂಬತ್ತು ಪ್ರಬಂಧಗಳ ಭಾರ. ಇಷ್ಟು ಹಗುರವಾದ ಬರಹಕ್ಕೆ ಬಿಡುವಿಲ್ಲದ ಸಂಪರ್ಕ ಏಕೆ ಬೇಕು? ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದಲ್ಲಿ ಜಾಲವಿಲ್ಲದೆಯೇ ಕನ್ನಡ ಬರೆಯಬಹುದು. ದಿನವಿಡೀ ಬರೆದು ಸಂಜೆ ಐದು ನಿಮಿಷ ಸಂಪರ್ಕ ದೊರೆತರೆ, ಆ ಬರಹದ ಪ್ರತಿಯನ್ನು ದೂರದ ಉಗ್ರಾಣಕ್ಕೆ ಕಳುಹಿಸಲು ಅಷ್ಟೇ ಸಾಕು.

ಚನ್ನರಾಯಪಟ್ಟಣದ ಕಡೆಯ ರೈತರಿಗೆ ಈ ಯುಕ್ತಿ ಹೊಸದಲ್ಲ. ಗೊರೂರಿನ ಜಲಾಶಯದಿಂದ ಹೇಮಾವತಿಯ ನೀರು ನಾಲೆಯಲ್ಲಿ ಬರುತ್ತದೆ; ಆದರೆ ವರ್ಷವಿಡೀ ಬರುವುದಿಲ್ಲ. ಆದುದರಿಂದಲೇ ನಾಲೆಯ ನೀರಿನಿಂದ ಕೆರೆಗಳನ್ನು ತುಂಬಿಸಿಕೊಳ್ಳುವ ಏರ್ಪಾಡುಗಳು ಅಲ್ಲಿ ನಡೆದಿವೆ. ನಾಲೆ ನಿಂತ ಮೇಲೂ ಕೆರೆಯಲ್ಲಿ ನೀರಿರುತ್ತದೆ. ಗಣಕವೂ ಹೀಗೆಯೇ ಇರಬೇಕು: ಜಾಲ ನಾಲೆಯಾಗಲಿ, ಯಂತ್ರದೊಳಗಿನ ಉಗ್ರಾಣ ಕೆರೆಯಾಗಲಿ. ಕ್ರೋಮ್‌ಬುಕ್ಕನ್ನು ಮಾಡಿದವರೂ ಈ ದಾರಿಗೆ ಬಂದಿದ್ದಾರೆ. ಮೊದಲ ವರ್ಷ ಮುಗಿಯುವುದರೊಳಗಾಗಿಯೇ ಜಾಲವಿಲ್ಲದೆ ಅಂಚೆ ಓದುವ, ಬರಹ ನೋಡುವ ಸೌಲಭ್ಯಗಳು ಬಂದುವು. ಇಂದು ಅದರಲ್ಲಿ ಬರೆಯಲೂ ಬಹುದು. ಆದರೆ ದೂರದಲ್ಲಿರುವ ಬರಹವು ಜಾಲವಿಲ್ಲದಾಗಲೂ ಕೈಗೆ ಸಿಕ್ಕಬೇಕಾದರೆ ಜಾಲವಿದ್ದಾಗಲೇ ಅದಕ್ಕೆ ಅನುವು ಮಾಡಿಕೊಂಡಿರಬೇಕು. ನಾಲೆ ನಿಂತ ಮೇಲೆ ತೂಬು ಸರಿಮಾಡಲು ಹೊರಟರೆ ಕೆರೆ ತುಂಬೀತೆ?

2025ರ ನವೆಂಬರ್ ತಿಂಗಳಲ್ಲಿ ಬೆಂಗಳೂರಿನ ತಂತ್ರಜ್ಞಾನ ಸಮ್ಮೇಳನದಲ್ಲಿ ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ‘ಕಿಯೋ’ ಎಂಬ ಅಗ್ಗದ ಗಣಕವನ್ನು ಪ್ರಕಟಿಸಿತು. ಲಿನಕ್ಸ್ ಆಧಾರದ ಈ ಯಂತ್ರಕ್ಕೆ ಜಾಲದ ಸಂಪರ್ಕವೂ ಉಂಟು; ಅದಿಲ್ಲದಿರುವಾಗಲೂ ಕೆಲಸ ಮಾಡಬಲ್ಲ ಕೃತಕ ಬುದ್ಧಿಮತ್ತೆಯನ್ನು ಯಂತ್ರದೊಳಗೇ ಇರಿಸಲಾಗಿದೆ. ಅದು ಮನೆಮನೆಯಲ್ಲಿ ಹೇಗೆ ನಡೆಯುತ್ತದೆಂಬುದನ್ನು ಬಳಸಿದವರೇ ಹೇಳಬೇಕು. ಅದನ್ನು ರೂಪಿಸಿದವರ ಮನಸ್ಸಿನಲ್ಲಿ ನಾಲೆಯೊಡನೆ ಕೆರೆಯೂ ಇತ್ತೆಂಬುದಂತೂ ಸ್ಪಷ್ಟ.

ನಿಮ್ಮ ಮನೆಯವರು ಗಣಕ ಕೊಳ್ಳಲು ಹಾಸನದ ಪೇಟೆಗೆ ಹೊರಟರೆ ನೀವೂ ಜೊತೆಗೆ ಹೋಗಿ. ಅಂಗಡಿಯಲ್ಲಿ ಯಂತ್ರವನ್ನು ತೆರೆದು ತೋರಿಸಿದಾಗ, ಜಾಲದ ಸಂಪರ್ಕವನ್ನು ಹತ್ತು ನಿಮಿಷ ಕಡಿಯಬೇಕೆಂದು ವಿನಯದಿಂದ ಕೇಳಿ. ಆಮೇಲೆ ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಅದನ್ನು ಉಳಿಸಿ, ಯಂತ್ರವನ್ನು ಪೂರ್ತಿ ಆರಿಸಿ, ಮತ್ತೆ ಹೊತ್ತಿಸಿ, ಆ ಪುಟವನ್ನು ತೆರೆಯಿರಿ. ಕೊನೆಗೆ ಅದನ್ನು ಒಂದು ಪೆನ್ ಡ್ರೈವಿಗೆ ನಕಲು ಮಾಡಿ. ಇಷ್ಟೂ ನಡೆದರೆ ಬೆಲೆಯ ಮಾತಿಗೆ ಇಳಿಯಬಹುದು.