ನಾಡಿ ಎಣಿಸಿ, ಬರೆದಿಡಿ

ನಿಮ್ಮ ಎಡಗೈಯನ್ನು ಅಂಗಾತ ಇಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹತ್ತಿರ, ಬಲಗೈಯ ಎರಡು ಬೆರಳುಗಳಿಂದ ಮೆಲ್ಲಗೆ ಒತ್ತಿ. ಏನೋ ಮಿಡಿಯುತ್ತದೆ ಅಲ್ಲವೇ? ಅದೇ ನಾಡಿ. ಹೃದಯ ಒಂದು ಸಲ ಬಡಿದರೆ ನಾಡಿ ಒಂದು ಸಲ ಮಿಡಿಯುತ್ತದೆ.

ಈಗ ಗಡಿಯಾರ ನೋಡಿ. ಒಂದು ನಿಮಿಷ ಪೂರ್ತಿ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವವರಿದ್ದಾರೆ. ತಾಳ ತಪ್ಪಿದ ನಾಡಿಗೆ ಆ ಲೆಕ್ಕ ಸರಿಯಾಗುವುದಿಲ್ಲ.

ಎಷ್ಟು ಬಂತು? ಸುಮ್ಮನೆ ಕುಳಿತ ದೊಡ್ಡವರಿಗೆ ಸಾಮಾನ್ಯವಾಗಿ 60ರಿಂದ 100ರ ಒಳಗೆ ಇರುತ್ತದೆ. ಒಂದು ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು ಒಂದು ಲಕ್ಷ ಬಡಿತ.

ಈ ಬಡಿತಕ್ಕೆ ತಾಳ ಹಾಕುವವರು ಯಾರು? ಯಕ್ಷಗಾನ ನೋಡಿದ್ದೀರಲ್ಲ. ಭಾಗವತರು ತಾಳ ಹಾಕುತ್ತಾರೆ, ಚೆಂಡೆ ಮದ್ದಳೆ ಅದನ್ನು ಅನುಸರಿಸುತ್ತವೆ. ಹೃದಯದ ಮೇಲಿನ ಬಲ ಕೋಣೆಯಲ್ಲಿ ಒಂದು ಚಿಕ್ಕ ಜಾಗ ಉಂಟು. ಅದೇ ಭಾಗವತ. ಅಲ್ಲಿಂದ ಸಣ್ಣ ವಿದ್ಯುತ್ತು ಹೊರಟು ಕೆಳಗಿನ ಕೋಣೆಗಳಿಗೆ ಹೋಗುತ್ತದೆ. ಆಗ ಹೃದಯ ಬಡಿಯುತ್ತದೆ. ಭಾಗವತ ದಣಿದರೆ ಬಡಿತ ನಿಧಾನವಾಗುತ್ತದೆ. ತಾಳ ಕೆಳಗೆ ಮುಟ್ಟದಿದ್ದರೂ ನಿಧಾನವಾಗುತ್ತದೆ. ಎಲ್ಲರೂ ಒಟ್ಟಿಗೆ ಮನಸ್ಸಿಗೆ ಬಂದ ಹಾಗೆ ಬಾರಿಸಿದರೆ? ಬಡಿತ ಓಡುತ್ತದೆ, ತಾಳ ತಪ್ಪುತ್ತದೆ.

ಒಂದು ಮನೆಯ ಕತೆ

ದೇಲಂಪಾಡಿಯಲ್ಲಿ ಒಬ್ಬ ಅಡಿಕೆ ಕೃಷಿಕರಿದ್ದಾರೆ ಎಂದು ಎಣಿಸಿಕೊಳ್ಳಿ. ವಯಸ್ಸು 62. ಒಂದು ದಿನ ತೋಟದಲ್ಲಿ ನಿಂತಲ್ಲೇ ಕಣ್ಣು ಕತ್ತಲೆ ಬಂತು, ಬಿದ್ದರು. ಎರಡು ನಿಮಿಷದಲ್ಲಿ ಎದ್ದು ಕುಳಿತರು. "ಬಿಸಿಲಿಗೆ ಪಿತ್ತ ಏರಿದ್ದು" ಎಂದರು ಮನೆಯವರು. ಜೀರಿಗೆ ಕಷಾಯ ಕೊಟ್ಟರು. ಹದಿನೈದು ದಿನ ಕಳೆದು ಪುನಃ ಬಿದ್ದರು.

ಅವರ ಹೆಂಡತಿ ಸಾಕ್ಷರತಾ ತರಗತಿಗೆ ಹೋಗಿ ಓದಲು ಬರೆಯಲು ಕಲಿತವರು. ನಾಡಿ ನೋಡುವುದನ್ನು ಆಶಾ ಕಾರ್ಯಕರ್ತೆಯಿಂದ ಕಲಿತಿದ್ದರು. ಎಣಿಸಿದರು. 38. ಇನ್ನೊಮ್ಮೆ ಎಣಿಸಿದರು. ಅಷ್ಟೇ. ಒಂದು ಚೀಟಿಯಲ್ಲಿ ತಾರೀಕು, ಹೊತ್ತು, 38 ಎಂದು ಬರೆದು ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಆಸ್ಪತ್ರೆಗೆ ಮುಟ್ಟುವಾಗ ನಾಡಿ 64! ಇಸಿಜಿಯೂ ದೊಡ್ಡ ತಪ್ಪು ತೋರಿಸಲಿಲ್ಲ. ತಾಳದ ಕಾಯಿಲೆ ಹೀಗೇ. ಮನೆಯಲ್ಲಿ ಕಾಡುತ್ತದೆ, ಡಾಕ್ಟರ ಮುಂದೆ ಅಡಗಿ ಕೂರುತ್ತದೆ. ಆ ಚೀಟಿ ಇಲ್ಲದಿದ್ದರೆ "ಏನೂ ಇಲ್ಲ" ಎಂದು ವಾಪಸು ಕಳಿಸುತ್ತಿದ್ದರೋ ಏನೋ. ಚೀಟಿ ನೋಡಿ ಡಾಕ್ಟರು 24 ಗಂಟೆ ಮೈಗೆ ಕಟ್ಟುವ ಹೋಲ್ಟರ್ ಎಂಬ ಯಂತ್ರ ಹಾಕಿಸಿದರು. ರಾತ್ರಿ ನಿದ್ದೆಯಲ್ಲಿ ಹೃದಯ ನಾಲ್ಕು ಸೆಕೆಂಡು ಸುಮ್ಮನಿದ್ದದ್ದು ಅದರಲ್ಲಿ ಸಿಕ್ಕಿತು.

ಇದು ಪಾಠಕ್ಕಾಗಿ ಕಟ್ಟಿದ ಕತೆ. ಆದರೆ ಇಂಥದು ನಡೆಯುವುದು ನಿಜ. ಆದ್ದರಿಂದ ಎದೆ ಹಾರುವಾಗಲೇ, ತಲೆ ತಿರುಗುವಾಗಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇಸಿಜಿ ಮಾಡಿಸಿಕೊಳ್ಳುವುದು ಒಳ್ಳೆಯದು. ಮಂಗಳೂರಿನ ಹೃದಯ ತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ ಒಂದು ಕೆಲಸ ಶುರು ಮಾಡಿದರು. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿದರು. ಹಳ್ಳಿಯ ಡಾಕ್ಟರು ಇಸಿಜಿಯ ಫೋಟೋವನ್ನು ವಾಟ್ಸ್‌ಆಪ್‌ನಲ್ಲಿ ಕಳಿಸಿದರೆ ಪೇಟೆಯ ತಜ್ಞರು ಓದಿ ಹೇಳುತ್ತಾರೆ. ಆ ಕಾಗದ ಆ ಹೊತ್ತಿನದ್ದಾಗಿರಬೇಕು, ಅದೇ ಮುಖ್ಯ.

ಪೇಸ್‌ಮೇಕರ್ ಇಟ್ಟ ಮೇಲೆ

ನಮ್ಮ ಕೃಷಿಕರಿಗೆ ಪೇಸ್‌ಮೇಕರ್ ಇಟ್ಟರು. ಇದು ಬೆಂಕಿಪೊಟ್ಟಣದಷ್ಟಿರುವ ತೆಳು ಪೆಟ್ಟಿಗೆ. ತೂಕ 20ರಿಂದ 30 ಗ್ರಾಂ. ಹೆಗಲ ಕೆಳಗೆ ಚರ್ಮದ ಅಡಿಯಲ್ಲಿ ಇಡುತ್ತಾರೆ. ಸಣ್ಣ ತಂತಿಯೊಂದು ರಕ್ತನಾಳದ ಮೂಲಕ ಹೃದಯಕ್ಕೆ ಹೋಗುತ್ತದೆ. ಬಡಿತ ನಿಧಾನವಾದರೆ ಪೆಟ್ಟಿಗೆ ತಾಳ ಕೊಡುತ್ತದೆ. ಹೃದಯ ತಾನೇ ಸರಿಯಾಗಿ ಬಡಿದರೆ ಇದು ಸುಮ್ಮನಿರುತ್ತದೆ.

ಮನೆಗೆ ಬಂದ ಮೇಲೆ ನೆರೆಕರೆಯವರೆಲ್ಲ ನೋಡಲು ಬಂದರು. ಒಬ್ಬೊಬ್ಬರದು ಒಂದೊಂದು ಮಾತು. "ಕರೆಂಟಿನ ಹತ್ತಿರ ಹೋಗಬಾರದಂತೆ." "ಟಿವಿ ನೋಡಬಾರದಂತೆ." "ಇನ್ನು ಕೆಲಸ ಎಲ್ಲ ಮುಗಿಯಿತು ಮಾರಾಯ್ರೇ." ಅವರು ಹೆದರಿ ಚಾವಡಿಯಲ್ಲೇ ಕುಳಿತರು. ಎಡಗೈ ಅಲ್ಲಾಡಿಸಲೇ ಇಲ್ಲ. ಒಂದು ತಿಂಗಳಲ್ಲಿ ಹೆಗಲು ಬಿಗಿದು ಹೋಯಿತು.

"ಕೈ ಮೇಲೆ ಎತ್ತಬೇಡಿ ಅಂತ ಮಾತ್ರ ಡಾಕ್ಟರು ಹೇಳಿದ್ದು. ಕಟ್ಟಿ ಹಾಕಿ ಅಂತ ಹೇಳಲಿಲ್ಲ" ಎಂದರು ಹೆಂಡತಿ.

ಅವರು ಹೇಳಿದ್ದು ಸರಿ. ಮೊದಲ ನಾಲ್ಕರಿಂದ ಆರು ವಾರ ಆ ಬದಿಯ ಕೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದು. ಕೊಡಪಾನ, ಅಡಿಕೆ ಗೋಣಿ ಎತ್ತಬಾರದು. ಬಾವಿಯಿಂದ ನೀರು ಸೇದಬಾರದು. ತಂತಿ ಹೃದಯದಲ್ಲಿ ಗಟ್ಟಿಯಾಗಿ ಕೂರಲು ಅಷ್ಟು ದಿನ ಬೇಕು. ಆದರೆ ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು, ಕೈಯನ್ನು ಮೆಲ್ಲಗೆ ಆಡಿಸುವುದು ಮೊದಲ ದಿನದಿಂದಲೇ ಬೇಕು. ನಡೆಯುವುದೂ ಬೇಕು. ಎಷ್ಟು ವಾರ ಎಂದು ನಿಮ್ಮ ಡಾಕ್ಟರು ಹೇಳಿದ್ದನ್ನೇ ಹಿಡಿಯಿರಿ.

ಗಾಯ ಒಣಗುವ ತನಕ ನೀರು ತಾಗಿಸಬೇಡಿ. ಅರಿಶಿನ, ಎಣ್ಣೆ, ಸೊಪ್ಪಿನ ರಸ ಯಾವುದೂ ಬೇಡ. ಗಾಯ ಕೆಂಪಾದರೆ, ಊದಿದರೆ, ಕೀವು ಬಂದರೆ, ಜ್ವರ ಬಂದರೆ ಅದೇ ದಿನ ಹೋಗಿ ತೋರಿಸಿ. ಪುನಃ ಬೋಧ ತಪ್ಪಿದರೆ, ಬಿಕ್ಕಳಿಕೆ ನಿಲ್ಲದಿದ್ದರೆ ತಂತಿ ಜಾರಿರಬಹುದು. ಆಗಲೂ ಹೋಗಬೇಕು.

ಇನ್ನು ಕರೆಂಟಿನ ವಿಷಯ. ಟಿವಿ, ಫ್ಯಾನ್, ಮಿಕ್ಸಿ, ಗ್ರೈಂಡರ್ ಧೈರ್ಯವಾಗಿ ಬಳಸಿ. ಮೊಬೈಲನ್ನು ಎದೆಯ ಜೇಬಿನಲ್ಲಿ ಇಡಬೇಡಿ, ಪೇಸ್‌ಮೇಕರಿನ ಎದುರು ಬದಿಯ ಕಿವಿಗೆ ಹಿಡಿಯಿರಿ. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ನಿಲ್ಲಿ. ಹುಲ್ಲು ಕತ್ತರಿಸುವ ಯಂತ್ರವನ್ನು ಡಾಕ್ಟರನ್ನು ಕೇಳದೆ ಹೆಗಲಿಗೆ ಹಾಕಬೇಡಿ. ವೆಲ್ಡಿಂಗ್ ಕೆಲಸ ಮಾಡಬೇಡಿ. ನಮ್ಮ ಕಡೆ ಇನ್ನೊಂದು ಉಂಟು. ಆನೆ ಬಾರದ ಹಾಗೆ ಹಾಕುವ ಸೋಲಾರ್ ಬೇಲಿ. ಅದರ ಶಾಕ್ ಬೇರೆಯವರಿಗೆ ಬರೀ ಚುರುಕು. ನಿಮಗೆ ಹಾಗಲ್ಲ, ಅದು ಪೆಟ್ಟಿಗೆಯ ಕೆಲಸ ಕೆಡಿಸಬಹುದು. ಬೇಲಿ ಸರಿ ಮಾಡುವ ಕೆಲಸ ಮನೆಯ ಬೇರೆಯವರು ಮಾಡಲಿ.

ಅಡಿಕೆ ಮರ ಹತ್ತಬಹುದೇ, ಬೈಕ್ ಬಿಡಬಹುದೇ? ಬೋಧ ತಪ್ಪಿ ಬಿದ್ದವರು ಡಾಕ್ಟರು ಒಪ್ಪುವ ತನಕ ಎರಡನ್ನೂ ಮಾಡಬಾರದು. ಇದರಲ್ಲಿ ಧೈರ್ಯ ತೋರಿಸಬೇಡಿ.

ಬ್ಯಾಟರಿ ಎಂಟು ಹತ್ತು ವರ್ಷ ಬರುತ್ತದೆ, ಕೆಲವರಿಗೆ ಅದಕ್ಕಿಂತ ಹೆಚ್ಚು. ಅದು ತಟ್ಟನೆ ನಿಲ್ಲುವುದಿಲ್ಲ. ಹೇಳಿದ ದಿನ ಹೋಗಿ ಪರೀಕ್ಷೆ ಮಾಡಿಸಿದರೆ ಎಷ್ಟು ಉಳಿದಿದೆ ಎಂದು ಯಂತ್ರ ತೋರಿಸುತ್ತದೆ. ಲೋಕದಲ್ಲಿ ಮೊದಲು ಮೈಯೊಳಗೆ ಪೇಸ್‌ಮೇಕರ್ ಇಟ್ಟದ್ದು 1958ರಲ್ಲಿ, ಸ್ವೀಡನ್ ದೇಶದ ಆರ್ನೆ ಲಾರ್ಸನ್ ಎಂಬವರಿಗೆ. ಆ ಪೆಟ್ಟಿಗೆ ಕೆಲವೇ ಗಂಟೆ ನಡೆಯಿತು. ಅವರಿಗೆ ಜೀವಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಬದಲಿಸಿದರು. ಅವರು 2001ರ ತನಕ ಬದುಕಿದರು. ತೀರಿಕೊಂಡಾಗ ವಯಸ್ಸು 86. ಕಾರಣ ಹೃದಯವಲ್ಲ, ಬೇರೆ ಕಾಯಿಲೆ.

ಒಂದು ಮಾತನ್ನು ಮನೆಯವರಿಗೆ ಹೇಳಲೇಬೇಕು, ಹೇಳಲು ಕಷ್ಟವಾದರೂ. ಪೇಸ್‌ಮೇಕರ್ ಇದ್ದವರು ತೀರಿಕೊಂಡಾಗ ಸುಡುವ ಕ್ರಮವಿದ್ದರೆ, ಮೊದಲು ಅದನ್ನು ತೆಗೆಸಬೇಕು. ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ.

ತಾಳ ತಪ್ಪಿದ ನಾಡಿ

ಕೆಲವರ ನಾಡಿ ನಿಧಾನವಲ್ಲ, ಅಂಕುಡೊಂಕು. ಕಲಿಯುವ ಹುಡುಗ ಚೆಂಡೆ ಬಾರಿಸಿದ ಹಾಗೆ. ಆಗ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಅದಕ್ಕೇ ರಕ್ತ ಹೆಪ್ಪುಗಟ್ಟದ ಮಾತ್ರೆ ಕೊಡುತ್ತಾರೆ. "ಈಗ ಆರಾಮ ಉಂಟು" ಎಂದು ಅದನ್ನು ಬಿಡುವವರೇ ಹೆಚ್ಚು ತೊಂದರೆಗೆ ಸಿಗುವುದು.

ವಾರ್ಫರಿನ್, ಅಸಿಟ್ರೋಮ್ ತೆಗೆದುಕೊಳ್ಳುವವರು ಐಎನ್‌ಆರ್ ಎಂಬ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಹೆಚ್ಚಿನವರಿಗೆ ಅದು 2ರಿಂದ 3ರ ಒಳಗೆ ಇರಬೇಕು. ಬಸಳೆ, ಹರಿವೆ, ನುಗ್ಗೆ ಸೊಪ್ಪು, ಪತ್ರೊಡೆ ಬಿಡಬೇಕೆಂದಿಲ್ಲ. ಒಂದು ವಾರ ದಿನಾ ಬಸಳೆ, ಮತ್ತೊಂದು ವಾರ ಸೊಪ್ಪೇ ಇಲ್ಲ, ಹಾಗೆ ಮಾಡಬಾರದು. ದಿನಾ ಹೆಚ್ಚು ಕಡಿಮೆ ಒಂದೇ ಅಳತೆ ಇರಲಿ. ಕಷಾಯ, ನಾಟಿ ಮದ್ದು, ಅಂಗಡಿಯ ನೋವಿನ ಮಾತ್ರೆ ಡಾಕ್ಟರನ್ನು ಕೇಳದೆ ಬೇಡ. ಮಲ ಕಪ್ಪಾದರೆ, ವಸಡಿನಲ್ಲಿ ರಕ್ತ ನಿಲ್ಲದಿದ್ದರೆ ಕೂಡಲೇ ತೋರಿಸಿ. ಬಾಯಿ ಒಂದು ಬದಿಗೆ ವಾಲಿದರೆ, ಒಂದು ಕೈ ಬಿದ್ದು ಹೋದರೆ, ಮಾತು ತೊದಲಿದರೆ ಒಂದು ಗಳಿಗೆಯೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ನಿಮ್ಮ ಕಾಗದ, ನಿಮ್ಮ ಭಾಷೆಯಲ್ಲಿ

ಪೇಸ್‌ಮೇಕರ್ ಇಟ್ಟವರಿಗೆ ಒಂದು ಕಾರ್ಡು ಕೊಡುತ್ತಾರೆ. ಅದು ಇಂಗ್ಲಿಷಿನಲ್ಲಿರುತ್ತದೆ. ಕಾಸರಗೋಡಿನಲ್ಲಿ ಕೊಡುವ ಸೂಚನೆಯ ಕಾಗದ ಹಲವು ಸಲ ಮಲೆಯಾಳದಲ್ಲಿ. ಕನ್ನಡ ಮಾತ್ರ ಓದುವ ನಮಗೆ ಎರಡೂ ಬೀಗ ಹಾಕಿದ ಪೆಟ್ಟಿಗೆಯ ಹಾಗೆ. ನಾಚಿಕೆ ಬೇಡ. ಆಸ್ಪತ್ರೆಯಿಂದ ಹೊರಡುವ ಮೊದಲು ನರ್ಸ್ ಹತ್ತಿರ ಓದಿಸಿಕೊಳ್ಳಿ. ನೀವೇ ಕನ್ನಡದಲ್ಲಿ ಬರೆದುಕೊಳ್ಳಿ. ಪೇಸ್‌ಮೇಕರನ್ನು ಎಷ್ಟು ಬಡಿತಕ್ಕೆ ಇಟ್ಟಿದ್ದಾರೆ ಎಂದು ಕೇಳಿ. 60 ಎಂದರೆ, ಮನೆಯಲ್ಲಿ ಎಣಿಸುವಾಗ ಅದಕ್ಕಿಂತ ತುಂಬ ಕಡಿಮೆ ಬಂದರೆ ತಿಳಿಸಬೇಕು. ಎಂಆರ್‌ಐ ಮಾಡುವ ಮೊದಲು, ಯಾವುದೇ ಆಪರೇಷನ್ನಿಗೆ ಮೊದಲು ಕಾರ್ಡು ತೋರಿಸಬೇಕು.

2020ರ ಮಾರ್ಚ್ ನೆನಪಿದೆಯೇ? ಕೊರೋನಾ ಕಾಲದಲ್ಲಿ ಕರ್ನಾಟಕದ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಇಲ್ಲೇ ಉಳಿದರು. ಕೆಲವರ ಜೀವ ಹೋಯಿತು. ಯಾವಾಗ ಯಾವ ಆಸ್ಪತ್ರೆಗೆ ಓಡಬೇಕಾದೀತು, ಹೇಳಲಾಗದು. ಹೊಸ ಡಾಕ್ಟರಿಗೆ ನಿಮ್ಮ ಕತೆ ಹೇಳುವುದು ಆ ಕಾಗದಗಳೇ. ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ, ಮಳೆಗಾಲದಲ್ಲಿ ಒದ್ದೆಯಾಗದ ಕಡೆ ಇಡಿ. ಇಟ್ಟ ಜಾಗ ಮನೆಯವರಿಗೆಲ್ಲ ಗೊತ್ತಿರಲಿ. ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು ಇದ್ದರೆ ಅದೂ ಅಲ್ಲೇ ಇರಲಿ. ಅದರಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಆದರೆ ನೀವು ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಮೊದಲೇ ಕೇಳಿ.

ಬರೆಯಿರಿ

ನೋಟುಪುಸ್ತಕದ ಒಂದು ಹಾಳೆಯಲ್ಲಿ ಗೆರೆ ಎಳೆಯಿರಿ. ತಾರೀಕು, ಹೊತ್ತು, ನಾಡಿ, ಆಗ ಏನಾಗುತ್ತಿತ್ತು ಎಂದು ನಾಲ್ಕು ಸಾಲು ಮಾಡಿ. ಮನೆಯ ಹಿರಿಯರೊಬ್ಬರನ್ನು ಐದು ನಿಮಿಷ ಸುಮ್ಮನೆ ಕೂರಿಸಿ. ಅವರ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆಯಿರಿ. ಏಳು ದಿನ ಬರೆದು ಹಾಳೆಯನ್ನು ಮುಂದಿನ ತರಗತಿಗೆ ತನ್ನಿ.