ನಿಮ್ಮ ಸ್ಟೈಲಸ್ ಯಾವ ಭಾಷೆ ಮಾತಾಡುತ್ತೆ?

ನೋಟ್ಸ್ ಬರೆಯೋಕೆ ಟ್ಯಾಬ್ ಕೊಂಡ ಮೇಲೆ ಮುಂದಿನ ಖರ್ಚು ಸ್ಟೈಲಸ್. ಅಂಗಡಿಯಲ್ಲಿ ಎಲ್ಲ ಪೆನ್ನೂ ಒಂದೇ ಥರ ಕಾಣುತ್ತವೆ. ಆದರೆ ಗೆಳೆಯನ ಪೆನ್ ತಂದು ನಿಮ್ಮ ಟ್ಯಾಬ್ ಮೇಲೆ ಬರೆದರೆ ಒಂದು ಗೆರೆಯೂ ಮೂಡದೇ ಇರಬಹುದು. ಪೆನ್ ಕೆಟ್ಟಿರಲ್ಲ, ಟ್ಯಾಬೂ ಕೆಟ್ಟಿರಲ್ಲ. ಎರಡರ ಭಾಷೆ, ಅಂದ್ರೆ ಪ್ರೋಟೋಕಾಲ್, ಬೇರೆ ಅಷ್ಟೇ.

ರಬ್ಬರ್ ತುದಿಯ ಅಗ್ಗದ ಪೆನ್ನಿಗೆ ಪ್ರೋಟೋಕಾಲೇ ಇಲ್ಲ. ಕೆಪ್ಯಾಸಿಟಿವ್ ಸ್ಕ್ರೀನ್‌ಗೆ ಅದು ಇನ್ನೊಂದು ಬೆರಳು. ಹಾಗಾಗಿ ಎಲ್ಲ ಕಡೆ ನಡೆಯುತ್ತೆ, ಆದರೆ ಎಷ್ಟು ಒತ್ತಿದಿರಿ ಅನ್ನೋದನ್ನು ಅದು ಹೇಳಲ್ಲ.

ಎರಡನೆಯದು ಜಪಾನಿನ ವಾಕಮ್ ಕಂಪನಿಯ ಇಎಂಆರ್. ಡಿಸ್‌ಪ್ಲೇ ಕೆಳಗಿನ ಸೆನ್ಸರ್ ಬೋರ್ಡ್ ಕಾಂತಕ್ಷೇತ್ರ ಉಂಟುಮಾಡುತ್ತೆ. ಪೆನ್ನಿನ ಕಾಯಿಲ್ ಮತ್ತು ಕೆಪ್ಯಾಸಿಟರ್ ಅದರಿಂದಲೇ ಶಕ್ತಿ ಪಡೆದು ಸಿಗ್ನಲ್ ವಾಪಸ್ ಕಳಿಸುತ್ತವೆ. ನಾವು ಓದಿದ ಎಲ್‌ಸಿ ರೆಸೊನೆನ್ಸ್ ಇದೇ! ತುದಿ ಒತ್ತಿದಾಗ ರೆಸೊನೆನ್ಸ್ ಆವರ್ತನ ಸ್ವಲ್ಪ ಬದಲಾಗುತ್ತೆ, ಆ ಬದಲಾವಣೆಯಿಂದ ಒತ್ತಡ ಗೊತ್ತಾಗುತ್ತೆ. ಬರೆಯೋಕೆ ಬ್ಯಾಟರಿ ಬೇಕಿಲ್ಲ. 2011ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್‌ನ ಎಸ್ ಪೆನ್ ಈ ಜಾತಿಯದು.

ಮೂರನೆಯದು ಆ್ಯಕ್ಟಿವ್ ಪೆನ್. ಒಳಗಿನ ಬ್ಯಾಟರಿಯ ಬಲದಿಂದ ತುದಿಯೇ ಸಿಗ್ನಲ್ ಹೊರಡಿಸುತ್ತೆ, ಟಚ್‌ಸ್ಕ್ರೀನ್‌ನ ಎಲೆಕ್ಟ್ರೋಡ್‌ಗಳೇ ಅದನ್ನು ಹಿಡಿಯುತ್ತವೆ. ಬೇರೆ ಬೋರ್ಡ್ ಬೇಡ. ಆದರೆ ಯಾವ ಆವರ್ತನದಲ್ಲಿ, ಯಾವ ಕ್ಷಣದಲ್ಲಿ, ಯಾವ ರೂಪದಲ್ಲಿ ಕಳಿಸಬೇಕು? ತೊಡಕು ಇಲ್ಲೇ. ಒಬ್ಬೊಬ್ಬರದು ಒಂದೊಂದು ನಿಯಮ. ಮೈಕ್ರೋಸಾಫ್ಟ್‌ನದು ಎಂಪಿಪಿ, ಅದರ ಮೂಲ ಇಸ್ರೇಲಿನ ಎನ್-ಟ್ರಿಗ್. ಆ್ಯಪಲ್ ಪೆನ್ಸಿಲ್ ಐಪ್ಯಾಡ್ ಬಿಟ್ಟು ಬೇರೆ ಟ್ಯಾಬ್‌ಗಳಲ್ಲಿ ಬರೆಯಲ್ಲ. ಎಲ್ಲರಿಗೂ ಒಂದೇ ನಿಯಮ ಇರಲಿ ಅಂತ 2015ರಲ್ಲಿ ಹಲವು ಕಂಪನಿಗಳು ಸೇರಿ ಯುಎಸ್‌ಐ ಶುರುಮಾಡಿದವು. ಅದು ಹೆಚ್ಚಾಗಿ ಕ್ರೋಮ್‌ಬುಕ್‌ಗಳಲ್ಲಿ ಸಿಗುತ್ತೆ.

ಬ್ರ್ಯಾಂಡ್ ಒಂದೇ ಆದರೆ ಸಾಕಾ? ಸಾಲದು. ಮೊದಲ ಎರಡು ಸರ್ಫೇಸ್ ಪ್ರೋಗಳಲ್ಲಿ ವಾಕಮ್ ಇತ್ತು, 2014ರ ಸರ್ಫೇಸ್ ಪ್ರೋ 3ರಲ್ಲಿ ಎನ್-ಟ್ರಿಗ್ ಬಂತು. ಹಳೆಯ ಪೆನ್ ಹೊಸದರ ಮೇಲೆ ಬರೆಯಲಿಲ್ಲ. ‘ಬ್ಲೂಟೂತ್ ಇದೆ’ ಅಂದರೂ ಮೋಸಹೋಗಬೇಡಿ. ಎಸ್ ಪೆನ್, ಸರ್ಫೇಸ್ ಪೆನ್‌ಗಳಲ್ಲಿ ಅದು ಬಟನ್ ಕೆಲಸಕ್ಕೆ, ಗೆರೆ ಎಳೆಯೋಕಲ್ಲ.

ಆದ್ದರಿಂದ ದುಡ್ಡು ಕೊಡುವ ಮುಂಚೆ ಟ್ಯಾಬ್‌ನ ಸ್ಪೆಸಿಫಿಕೇಶನ್ ತೆಗೆದು ಪ್ರೋಟೋಕಾಲ್ ಹೆಸರು ಹುಡುಕಿ. ಸಿಗದಿದ್ದರೆ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್‌ಗೆ ಹೊಂದುವ ಪೆನ್ನುಗಳ ಪಟ್ಟಿ ನೋಡಿ. ಆಗಲೂ ಅನುಮಾನವಿದ್ದರೆ, ಅಂಗಡಿಯಲ್ಲೇ ನಿಮ್ಮ ಟ್ಯಾಬ್ ಮೇಲೆ ನಾಲ್ಕು ಅಕ್ಷರ ಬರೆದು ನೋಡಿ, ಆಮೇಲೆ ಕೊಳ್ಳಿ.