ಕಾಫಿ ಸೀಮೆಯ ಶಾಲೆಗೆ ವಿದೇಶಿ ಶಿಕ್ಷಕರು

ಕಾಫಿ ಸೀಮೆಯ ಶಾಲೆಯಲ್ಲಿ ಸ್ವಯಂಸೇವೆ ಮಾಡಬಯಸುವ ವಿದೇಶಿ ಶಿಕ್ಷಕರು ಮೊದಲು ವೀಸಾದ ವಿಷಯ ಬಗೆಹರಿಸಿಕೊಳ್ಳಬೇಕು. ಸಂಭಾವನೆಯಿಲ್ಲದ ಸೇವೆ ಒಂದು ತಿಂಗಳು ಮೀರದಿದ್ದರೆ ಪ್ರವಾಸಿ ವೀಸಾ ಸಾಕು. ಮೀರಿದರೆ ಬೇರೆ ವೀಸಾ ಬೇಕು. ಅವರು ತಂಗುವ ಹೋಂಸ್ಟೇಯವರು ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಶಾಲೆಗೆ ಹಣ ಕೊಡುವುದಾದರೆ 2010ರ ವಿದೇಶಿ ದೇಣಿಗೆ ಕಾಯ್ದೆ ಅಡ್ಡ ಬರುತ್ತದೆ. ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಸ್ಥೆ ಆ ಹಣವನ್ನು ಪಡೆಯುವಂತಿಲ್ಲ.

ಕಾಫಿ ಸೀಮೆಯ ಮೂಡಿಗೆರೆ, ಕಳಸದ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಜೋರು. ಶಾಲೆಗೆ ಮಳೆ ರಜೆ ಕೊಡುವುದು, ಕರೆಂಟು ಹೋಗುವುದು ಸಾಮಾನ್ಯ. ದಸರಾ ರಜೆಯ ನಂತರ, ನವೆಂಬರ್‌ನಿಂದ ಜನವರಿವರೆಗಿನ ಕಾಲವೇ ಬರಲು ಒಳ್ಳೆಯದು. ಆಗ ಅರೇಬಿಕಾ ಕೊಯ್ಲು. ತೋಟದ ಲೈನ್ ಮನೆಗಳಿಗೆ ಹೊರ ಜಿಲ್ಲೆ, ಹೊರ ರಾಜ್ಯಗಳ ಕಾರ್ಮಿಕರು ಬರುತ್ತಾರೆ. ಊರೂರು ಅಲೆಯುವ ಅವರ ಮಕ್ಕಳ ಓದು ನಡುನಡುವೆ ತುಂಡಾಗಿರುತ್ತದೆ. ವಿದೇಶಿ ಶಿಕ್ಷಕರ ಗಮನ ಎಲ್ಲರಿಗಿಂತ ಹೆಚ್ಚು ಸಲ್ಲಬೇಕಾದುದು ಈ ಮಕ್ಕಳಿಗೆ.

ಸರ್ಕಾರಿ ಶಾಲೆಗಳ ಕೆಳ ತರಗತಿಗಳಲ್ಲಿ ನಲಿ-ಕಲಿ ಪದ್ಧತಿಯಿದೆ. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು, ತಂತಮ್ಮ ವೇಗದಲ್ಲಿ ಕಲಿಯುತ್ತಾರೆ. ಬಂದವರು ಮೊದಲ ಕೆಲವು ದಿನ ಅದನ್ನು ಸುಮ್ಮನೆ ನೋಡಬೇಕು. ಆಮೇಲೆ ತರಗತಿಯ ಶಿಕ್ಷಕರ ಜೊತೆಗೂಡಿ ಇಂಗ್ಲಿಷ್ ಮಾತು, ಕಥೆ, ವಿಜ್ಞಾನದ ಸಣ್ಣ ಪ್ರಯೋಗಗಳನ್ನು ನಡೆಸಬಹುದು. ಖಾಲಿ ಹುದ್ದೆ ತುಂಬಲು ಮಾತ್ರ ಅವರನ್ನು ಬಳಸಬಾರದು.